ದಿ ಬೆಲ್‌ಮನ್

ಇಂಗ್ಲಿಷ್ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್ (1805-1881) ಎಚಿಂಗ್ ವಿಧಾನದಲ್ಲಿ ರಚಿಸಿದ ಗ್ರಾಮದೃಶ್ಯ. ಅಳತೆ ಸುಮಾರು 19×25 ಸೆಂ.ಮೀ. ಲಂಡನ್ನಿನ ಫೈನ್ ಆರ್ಟ್ ಸೊಸೈಟಿ ಇದನ್ನು 1879ರಲ್ಲಿ ಪ್ರಕಟಿಸಿತು. ರಾತ್ರಿ ಗಂಟೆ ಬಾರಿಸುತ್ತ ಊರು ಸುತ್ತುವ ಕಾವಲುಗಾರನ ಪ್ರಸ್ತಾಪ ಮಿಲ್ಟನ್ನನ ‘ಇಲ್ ಪೆನ್ಸರೋಸೊ’ ಕವಿತೆಯಲ್ಲಿ ಬರುತ್ತದೆ. ಚಿತ್ರದ ವಸ್ತು ಅಲ್ಲಿಯದು. ಊರು ಮಾತ್ರ ಪಾಮರನ ನೆನಪಿನದು.

ಆ ಊರು ಕೆಂಟ್ ಪ್ರಾಂತ್ಯದಲ್ಲಿ ಡೇರೆಂಟ್ ನದಿಯ ಕಣಿವೆಯಲ್ಲಿರುವ ಶೋರಮ್. ಇಪ್ಪತ್ತರ ಹರೆಯದಲ್ಲಿ ಪಾಮರ್ ಲಂಡನ್ ಬಿಟ್ಟು ಅಲ್ಲಿ ಹಲವು ವರ್ಷ ನೆಲೆಸಿದ್ದ. ಅದಕ್ಕೂ ಮುನ್ನ, 1824ರಲ್ಲಿ, ವೃದ್ಧ ವಿಲಿಯಂ ಬ್ಲೇಕ್‌ನ ಪರಿಚಯವಾಗಿತ್ತು. ವರ್ಜಿಲನ ಗೋಪಗೀತೆಗಳ ಶಾಲಾ ಆವೃತ್ತಿಗೆ ಬ್ಲೇಕ್ ಕೊರೆದ ಪುಟ್ಟ ಮರದಚ್ಚಿನ ಚಿತ್ರಗಳು ಈ ತರುಣನ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದವು. 1850ರಲ್ಲಿ ಎಚಿಂಗ್ ಕ್ಲಬ್ಬಿನ ಸದಸ್ಯನಾದ ಮೇಲೆ ಈತ ತಾಮ್ರದ ತಗಡಿಗೆ ಒಲಿದ. ಆದರೂ ಜೀವಮಾನದಲ್ಲಿ ಮುಗಿಸಿದ್ದು 13 ತಗಡುಗಳನ್ನಷ್ಟೆ.

ಕೈ ಅಷ್ಟು ನಿಧಾನವಾಗಲು ಕಾರಣ ಕೆಲಸದ ಸ್ವರೂಪದಲ್ಲೇ ಇದೆ. ತಗಡಿಗೆ ಮೇಣದ ಲೇಪ ಹಚ್ಚಿ ಸೂಜಿಯಿಂದ ಗೀರಬೇಕು. ಆಮ್ಲದಲ್ಲಿ ಅದ್ದಿದಾಗ ಗೀರಿದ ಕಡೆ ತಾಮ್ರ ಕರಗಿ ಕಾಲುವೆಯಾಗುತ್ತದೆ, ಮಸಿ ಅಲ್ಲಿ ನಿಲ್ಲುತ್ತದೆ. ಸಾಕಷ್ಟು ಆಳವಾದ ಗೆರೆಗಳಿಗೆ ವಾರ್ನಿಷ್ ಬಳಿದು ಉಳಿದವನ್ನು ಮತ್ತೆ ಆಮ್ಲಕ್ಕೆ ಒಡ್ಡಬೇಕು. ಪಾಮರ್ ಗೆರೆಯ ಮೇಲೆ ಗೆರೆ ಹೆಣೆದು ಬಲೆಯಂತೆ ಕತ್ತಲು ಕಟ್ಟಿದ, ಆದರೆ ಅದರ ಕಣ್ಣುಗಳನ್ನು ಪೂರ್ತಿ ಮುಚ್ಚಲಿಲ್ಲ. ‘ದಿ ಬೆಲ್‌ಮನ್’ನಲ್ಲಿ ಮಲಗಿದ ದನಗಳ ಬೆನ್ನು, ಮನೆಗಳ ಮಾಡು, ಗುಡ್ಡದಾಚೆ ಏರುವ ಚಂದ್ರ, ಎಲ್ಲದರ ಬೆಳಕೂ ಮಸಿ ತಾಗದೆ ಉಳಿದ ಕಾಗದದ ಬಿಳುಪೇ. ಹತ್ತಿರದಿಂದ ನೋಡಿದರೆ ಅತಿ ಗಾಢ ನೆರಳಿನೊಳಗೂ ಚುಕ್ಕೆ ಚುಕ್ಕೆಯಾಗಿ ಬಿಳುಪು ಮಿನುಗುತ್ತದೆ. ಇಂಗ್ಲಿಷ್ ಎಚಿಂಗ್‌ನಲ್ಲಿ ಸಂಜೆಗತ್ತಲು ಇಷ್ಟು ತುಂಬಿ ಬಂದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಇದನ್ನು ಮಾಡುವಾಗ ಕಲಾವಿದನಿಗೆ ಎಪ್ಪತ್ತು ದಾಟಿತ್ತು; ವಾಸ ಸರ್ರೆಯ ರೆಡ್‌ಹಿಲ್‌ನಲ್ಲಿ. 1861ರಲ್ಲಿ ಹಿರಿಯ ಮಗ ತೀರಿಕೊಂಡ ದುಃಖ ಈತನನ್ನು ಬಿಟ್ಟಿರಲಿಲ್ಲ. ಅರ್ಧ ಶತಮಾನದ ಹಿಂದಿನ ಹಳ್ಳಿ ಆ ಮುಪ್ಪಿನಲ್ಲಿ ತಗಡಿನ ಮೇಲೆ ಮರಳಿ ಮೂಡಿತು.

ಪಾಮರ್ ಅರೆಬರೆಯಾಗಿ ಬಿಟ್ಟುಹೋದ ನಾಲ್ಕು ತಗಡುಗಳನ್ನು ಕಿರಿಯ ಮಗ ಆಲ್ಫ್ರೆಡ್ ಹರ್ಬರ್ಟ್ ಪೂರ್ಣಗೊಳಿಸಿದ. 1909ರಲ್ಲಿ ತಂದೆಯ ಶೋರಮ್ ಕಾಲದ ಅಪಾರ ಕೃತಿಗಳನ್ನು ಸುಟ್ಟವನೂ ಇವನೇ. ಅದು ತುಂಬಿಬಾರದ ನಷ್ಟ. 1926ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಪಾಮರನ ಮತ್ತು ಬ್ಲೇಕ್‌ನ ಇತರ ಶಿಷ್ಯರ ಕೃತಿಗಳ ಪ್ರದರ್ಶನ ಏರ್ಪಡಿಸಿತು. ಗ್ರಹಾಂ ಸದರ್ಲೆಂಡ್ ಮೊದಲಾದ ತರುಣ ಎಚಿಂಗ್‌ಕಾರರು ಆ ದಶಕದಲ್ಲಿ ಪಾಮರನ ದಟ್ಟ ಗೆರೆಗಳ ಹಾದಿ ಹಿಡಿದರು.