ತೀರ್ಥನ್ ಕಣಿವೆ

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಬಂಜಾರ್ ಭಾಗದಲ್ಲಿರುವ ಪರ್ವತಾರಣ್ಯದ ಕಣಿವೆ. ದೇವದಾರು, ಓಕ್ ಮರಗಳ ಕಾಡಿನ ನಡುವೆ ಹರಿಯುವ ತೀರ್ಥನ್ ನದಿ ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುತ್ತದೆ. ಕಣಿವೆಯ ಮೇಲ್ಭಾಗ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ; ಈ ಉದ್ಯಾನ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಉದ್ಯಾನದೊಳಗೆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗುಶೈನಿ ಹಳ್ಳಿಯಿಂದ ರೋಲಾಗೆ ಹೋಗುವ ಹಾದಿ ಮೊದಲ ಬಾರಿಗೆ ಬರುವವರಿಗೆ ಒಳ್ಳೆಯದು.

ಕಣಿವೆಯ ನಿಜವಾದ ಸಂಪತ್ತು ನದಿ. ಇಲ್ಲಿನ ಕಂದು ಟ್ರೌಟ್ ಸ್ಥಳೀಯ ಮೀನಲ್ಲ, ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ತಣ್ಣಗಿನ, ಆಮ್ಲಜನಕ ತುಂಬಿದ ತಿಳಿನೀರಿನಲ್ಲಿ ಮಾತ್ರ ಬಾಳುತ್ತದೆ. ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ಟ್ರೌಟ್ ಮೊಟ್ಟೆಯಿಡುವ ಚಳಿಗಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿವರೆಗೆ, ಹಿಡಿಯುವುದಕ್ಕೆ ನಿಷೇಧ. ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಬಿಡಿಸಿ ನೀರಿಗೆ ಮರಳಿಸುವುದು ಎಲ್ಲಕ್ಕಿಂತ ಉತ್ತಮ ಪದ್ಧತಿ.

ದೂರದ ನೋಟಕ್ಕೆ ಸುಮಾರು 3,100 ಮೀಟರ್ ಎತ್ತರದ ಜಲೋರಿ ಕಣಿವೆಮಾರ್ಗ ಹೆಸರಾಗಿದೆ. ಅಲ್ಲಿಂದ ಕಾಡಿನೊಳಗೆ ಸುಮಾರು 5 ಕಿ.ಮೀ. ನಡೆದರೆ ಸೆರೋಲ್ಸರ್ ಸರೋವರ. ಹಿಮ ಬಿದ್ದಾಗ ಜಲೋರಿಯ ರಸ್ತೆ ಮುಚ್ಚುತ್ತದೆ. ಮಳೆಗಾಲದಲ್ಲಿ ಭೂಕುಸಿತದ ಭಯ. ಏಪ್ರಿಲ್‌ನಿಂದ ಜೂನ್, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಭೇಟಿಗೆ ಸೂಕ್ತ ಕಾಲ.