ನೆಲದ ಮೇಲಿನ ನಕ್ಷೆ: ಡಿಸ್ಟ್ರಿಕ್ಟ್ ಸಿಕ್ಸ್ ವಸ್ತುಸಂಗ್ರಹಾಲಯ ಮತ್ತು ಮೌಖಿಕ ನೆನಪು

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಹಳೆಯ ಮೆಥಡಿಸ್ಟ್ ಚರ್ಚೊಂದರಲ್ಲಿ 1994ರ ಡಿಸೆಂಬರಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ವಸ್ತುಸಂಗ್ರಹಾಲಯ ಆರಂಭವಾಯಿತು. ಅರಸರ ಆಯುಧ, ಆಭರಣ, ಶಾಸನಗಳನ್ನು ನಿರೀಕ್ಷಿಸಿ ಒಳಹೋಗುವವರಿಗೆ ಇಲ್ಲಿ ಎದುರಾಗುವುದು ನೆಲದ ಮೇಲೆ ಹರಡಿದ ದೊಡ್ಡ ನಕ್ಷೆ. ನೆಲಸಮವಾದ ಒಂದು ಬಡಾವಣೆಯ ಬೀದಿಗಳನ್ನು ಅದರಲ್ಲಿ ಕೈಯಿಂದ ಚಿತ್ರಿಸಲಾಗಿದೆ. ಅಲ್ಲಿಂದ ಹೊರದಬ್ಬಲ್ಪಟ್ಟವರು ಬಾಗಿ ಕುಳಿತು, ತಮ್ಮ ಮನೆಯಿದ್ದ ಜಾಗವನ್ನು ಹುಡುಕಿ, ಕುಟುಂಬದ ಹೆಸರನ್ನು ಬರೆದಿದ್ದಾರೆ. ಜನರೇ ಬರೆದ ಈ ನಕ್ಷೆಯನ್ನು ಜಾನಪದ ಅಧ್ಯಯನವು ಒಂದು ಮೌಖಿಕ ಆಕರವಾಗಿಯೇ ಪರಿಗಣಿಸಬೇಕಾಗುತ್ತದೆ.

1867ರಲ್ಲಿ ನಗರದ ಆರನೆಯ ವಿಭಾಗವೆಂದು ಗುರುತಿಸಲಾದ ಈ ಪ್ರದೇಶದಲ್ಲಿ ಬಿಡುಗಡೆಗೊಂಡ ಗುಲಾಮರು, ಕುಶಲಕರ್ಮಿಗಳು, ವ್ಯಾಪಾರಿಗಳು, ಬಂದರಿನ ಕೂಲಿಕಾರರು, ವಲಸೆ ಬಂದವರು ಒಟ್ಟಿಗೆ ಬಾಳಿದ್ದರು. ವರ್ಣಭೇದ ಸರ್ಕಾರಕ್ಕೆ ಅಸಹನೀಯವಾದದ್ದು ಈ ಬೆರಕೆಯೇ. 1950ರ ಒಂದು ಕಾಯಿದೆ ಪ್ರತಿ ವ್ಯಕ್ತಿಯನ್ನೂ ವರ್ಣದ ಹೆಸರಿನಲ್ಲಿ ನೋಂದಾಯಿಸಿತು. ಅದೇ ವರ್ಷದ ಮತ್ತೊಂದು ಕಾಯಿದೆ ಆ ವರ್ಣಕ್ಕೆ ತಕ್ಕ ವಾಸಸ್ಥಳವನ್ನು ನಿಗದಿಪಡಿಸಲು ಅಧಿಕಾರ ಕೊಟ್ಟಿತು. 1966ರ ಫೆಬ್ರವರಿ 11ರಂದು ಡಿಸ್ಟ್ರಿಕ್ಟ್ ಸಿಕ್ಸ್ ಬಿಳಿಯರ ಪ್ರದೇಶವೆಂದು ಘೋಷಿತವಾಯಿತು. 1980ರ ದಶಕದ ಆರಂಭದ ಹೊತ್ತಿಗೆ 60,000ಕ್ಕೂ ಹೆಚ್ಚು ಜನರನ್ನು ನಗರದ ಹೊರಗಿನ ಕೇಪ್ ಫ್ಲ್ಯಾಟ್ಸ್ ಎಂಬ ಮರಳುಬಯಲಿಗೆ ಸಾಗಿಸಲಾಗಿತ್ತು. ಮನೆಗಳು ಬಿದ್ದವು, ಕೆಲವು ಚರ್ಚು, ಮಸೀದಿಗಳು ಮಾತ್ರ ಉಳಿದವು.

ಬೀದಿಗಳ ನಾಮಫಲಕಗಳ ಕಥೆ ಸ್ಥಳನಾಮ ಅಧ್ಯಯನಕಾರರ ವಿಶೇಷ ಗಮನಕ್ಕೆ ಅರ್ಹವಾಗಿದೆ. ನೆಲಸಮ ಕಾರ್ಯದ ಮೇಲ್ವಿಚಾರಕನೊಬ್ಬ ಎಸೆದುಬಿಡಬೇಕಾಗಿದ್ದ ಆ ಫಲಕಗಳನ್ನು ಗುಟ್ಟಾಗಿ ಕಾಪಾಡಿಟ್ಟಿದ್ದ. ಕೆಡವಿದ ಕೈಯೇ ಹೆಸರನ್ನು ಉಳಿಸಿತು! ಅವು ಈಗ ನಕ್ಷೆಯ ಬಳಿಯಲ್ಲೇ ತೂಗುತ್ತಿವೆ. ಸರ್ಕಾರವಾದರೋ ಇಡೀ ಪ್ರದೇಶಕ್ಕೆ ಹಳೆಯ ಎಸ್ಟೇಟೊಂದರ ಹೆಸರನ್ನು ತಂದು, ಡಚ್ಚಿನಲ್ಲಿ ಸೂರ್ಯಕಾಂತಿ ಎಂಬರ್ಥದ ‘ಜೋನೆಬ್ಲೂಮ್’ ಎಂದು ಕರೆಯಿತು. ಹಳೆಯ ನಿವಾಸಿಗಳ ನಾಲಗೆ ಅದನ್ನು ಒಪ್ಪಲಿಲ್ಲ. 2019ರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಹೆಸರು ಅಧಿಕೃತವಾಗಿ ಮರಳಿತು.

ನೆನಪು ಇಲ್ಲಿ ಭಾವುಕತೆಯ ವಿಷಯವಷ್ಟೇ ಆಗಿರಲಿಲ್ಲ. ನಿವಾಸಿಗಳಲ್ಲಿ ಬಹುಪಾಲು ಬಾಡಿಗೆದಾರರು. ಅವರ ಕೈಯಲ್ಲಿ ಹಕ್ಕುಪತ್ರಗಳಿರಲಿಲ್ಲ. 1994ರ ಭೂಹಕ್ಕು ಮರುಸ್ಥಾಪನೆ ಕಾಯಿದೆಯು ನೋಂದಣಿಯಾಗದ ಹಕ್ಕನ್ನೂ ಮಾನ್ಯ ಮಾಡಿತು. ನೆಲ ಕಳೆದುಕೊಂಡ ಸಂದರ್ಭದ ಬಗ್ಗೆ ಕೇಳಿ ತಿಳಿದುದನ್ನು ಸಾಕ್ಷ್ಯವಾಗಿ ಮಂಡಿಸಲು ಅವಕಾಶ ಕೊಟ್ಟಿತು. ಹಿರಿಯರ ಮಾತು ನ್ಯಾಯಾಲಯದ ಬಾಗಿಲನ್ನು ದಾಟಿದ್ದು ಹೀಗೆ. 2004ರಲ್ಲಿ ಮೊದಲ ಮನೆಗಳ ಕೀಲಿಗಳು ಹಿಂದಿರುಗಿದವರಿಗೆ ದೊರೆತವು. ಆದರೆ ಮರುವಸತಿಯ ಕೆಲಸ ತೀರಾ ನಿಧಾನವಾಗಿ ಸಾಗಿತು. ಎಷ್ಟೋ ಅರ್ಜಿದಾರರು ಮನೆ ಕಾಣದೆಯೇ ತೀರಿಕೊಂಡರು.

ಮೌಖಿಕ ನೆನಪಿಗೂ ತನ್ನದೇ ಆಯ್ಕೆಗಳಿವೆ ಎಂಬುದನ್ನು ಮರೆಯುವಂತಿಲ್ಲ. ಹೊಸವರ್ಷದ ಮೆರವಣಿಗೆ, ನೆರೆಹೊರೆಯ ಸೌಹಾರ್ದ ನಿರೂಪಣೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇಕ್ಕಟ್ಟು, ಪುಂಡರ ಗುಂಪುಗಳ ಹಾವಳಿ ಹಿಂದೆ ಸರಿಯುತ್ತವೆ. ಇದಕ್ಕಿಂತ ಗಂಭೀರವಾದ ಮರೆವೊಂದಿದೆ. ಈ ಬಡಾವಣೆಯ ಮೊದಲ ಒಕ್ಕಲೆಬ್ಬಿಸುವಿಕೆ ನಡೆದದ್ದು 1966ರ ನಂತರವಲ್ಲ, 1901ರಲ್ಲಿ. ಅಂದು ಪ್ಲೇಗಿನ ನೆಪದಲ್ಲಿ ಕಪ್ಪು ಆಫ್ರಿಕನ್ನರನ್ನು ಊರಾಚೆಯ ಶಿಬಿರಕ್ಕೆ ಅಟ್ಟಲಾಯಿತು. ಆ ಜಾಗವೇ ಮುಂದೆ ಎನ್ಡಬೇನಿ ಎನಿಸಿತು. ಆಗ ವರ್ಣಭೇದ ಸರ್ಕಾರ ಇನ್ನೂ ಹುಟ್ಟಿರಲಿಲ್ಲ. ಆಳುತ್ತಿದ್ದದ್ದು ಬ್ರಿಟಿಷ್ ವಸಾಹತು. ಹೊರಹಾಕಲ್ಪಟ್ಟವರಲ್ಲಿ ಹಾರ್ಸ್ಟ್ಲಿ ಬೀದಿಯ ನಿವಾಸಿಗಳೂ ಇದ್ದರು. 1990ರ ದಶಕದಲ್ಲಿ ಪುರಾತತ್ತ್ವಜ್ಞರು ಆ ಬೀದಿಯನ್ನು ಅಗೆದು ಮನೆಗಳ ತಳಪಾಯವನ್ನು ಹೊರತೆಗೆದರು. ವಸ್ತುಸಂಗ್ರಹಾಲಯವೂ ಆ ಬೀದಿಯ ಇತಿಹಾಸವನ್ನು ಎತ್ತಿಕೊಂಡಿತು. ಕಾಯಿದೆ ಮಾತ್ರ 1913ರ ಜೂನ್ 19ರ ನಂತರ ನೆಲ ಕಳೆದುಕೊಂಡವರನ್ನಷ್ಟೇ ಹಕ್ಕುದಾರರೆಂದು ಒಪ್ಪುತ್ತದೆ. 1901ರಲ್ಲಿ ಹೋದವರ ಮೊಮ್ಮಕ್ಕಳಿಗೆ ಅರ್ಜಿ ಹಾಕುವ ಅವಕಾಶವೇ ಇಲ್ಲ.