ಚಪ್ಪರಕ್ಕೆ ಯಾರ ಅಪ್ಪಣೆ?

ಮದುವೆಯಾದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ. ಅದಕ್ಕೆ ಹೆಸರಿಟ್ಟರೆ ಒಂದು, ಹುಟ್ಟುಗೂದಲು ತೆಗೆಸಿದರೆ ಇನ್ನೊಂದು. ಮೈಸೂರು ಸೀಮೆಯ ರೈತ ತೆರುತ್ತಿದ್ದ ಇಂಥ ಚಿಲ್ಲರೆ ಬಾಬುಗಳು ಎಷ್ಟಿದ್ದವೆಂದರೆ, 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಅವುಗಳಲ್ಲಿ 769ನ್ನು ರದ್ದು ಮಾಡಲಾಯಿತೆಂದು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಹೇಳುತ್ತಾರೆ. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹಿಂದಿನವರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಮೊಮ್ಮಕ್ಕಳ ಕಾಲದಲ್ಲೂ ದಂಡ ಕಟ್ಟುತ್ತಿದ್ದ ಹಳ್ಳಿಯೂ ಆ ಪಟ್ಟಿಯಲ್ಲಿತ್ತು. ಕಬ್ಬನ್ ಬೇಸಿಗೆ ಕಳೆಯುತ್ತಿದ್ದುದು ನಂದಿಬೆಟ್ಟದ ಮೇಲೆ. ಅದೇ ಬೆಟ್ಟದ ಬುಡದಲ್ಲಿ ಇಂದು ಮದುವೆ ಮಾಡಿಸಲೆಂದೇ ತೋಟ, ರೆಸಾರ್ಟ್, ಕನ್ವೆನ್ಷನ್ ಹಾಲ್ ಕಟ್ಟಿದವರು ಇನ್ನೊಂದು ಪಟ್ಟಿ ಹಿಡಿದು ಕಚೇರಿ ಸುತ್ತುತ್ತಾರೆ: ಭೂ ಪರಿವರ್ತನೆ, ಪಂಚಾಯಿತಿ ಪರವಾನಗಿ, ಅಬಕಾರಿ, ಪೊಲೀಸ್, ಧ್ವನಿವರ್ಧಕ.

ಮದುವೆ ಮನೆಯವರ ಸ್ವಂತ ವಿಷಯ ಎಂಬುದು ಈ ಸೀಮೆಯಲ್ಲಿ ಯಾವ ಕಾಲಕ್ಕೂ ಪೂರ್ತಿ ನಿಜವಾಗಿರಲಿಲ್ಲ. ವಿಜಯನಗರದ ಶಾಸನಗಳಲ್ಲಿ ‘ಮದುವೆ ಸುಂಕ’ ಕಾಣುತ್ತದೆ. ಅದನ್ನು ಮಾಫಿ ಮಾಡಿದ ಶಾಸನಗಳೂ ಇವೆ. ಮಾಫಿಯನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಯಿತೆಂದರೆ ಆ ಸುಂಕ ಜನರಿಗೆ ಎಷ್ಟು ಭಾರವಾಗಿತ್ತೆಂದು ಊಹಿಸಬಹುದು. ಆವತಿ ನಾಡಪ್ರಭುಗಳ ವಂಶದವರು ಚಿಕ್ಕಬಳ್ಳಾಪುರದಲ್ಲಿ ಕೋಟೆ ಕಟ್ಟಿ ಆಳಿದರು, ಆಮೇಲೆ ಹೈದರಾಲಿ ಬಂದ, ಅವನ ಬೆನ್ನಿಗೆ ಬ್ರಿಟಿಷರು. ಕೇಳುವ ಕೈ ಬದಲಾಯಿತು, ಅಷ್ಟೇ.

ಆದರೆ ದೊರೆಗೆ ಕೊಡುವ ಹಣಕ್ಕಿಂತ ಬಿಗಿಯಾದ ಅಪ್ಪಣೆ ಇನ್ನೊಂದಿತ್ತು. ಅದು ಜಾತಿಯದು. ಬಲಗೈಯ ಹದಿನೆಂಟು ಪಣ, ಎಡಗೈಯ ಒಂಬತ್ತು ಪಣ ಎಂಬ ಜಾತಿಗುಂಪುಗಳಾಗಿ ಊರು ಎರಡಾಗಿ ಒಡೆದಿದ್ದ ಕಾಲ. ಬಣಜಿಗರು ಬಲಗೈಗೆ ಮುಂದಾಳುಗಳು, ಪಾಂಚಾಳರು ಎಡಗೈಗೆ. ಈ ಎರಡು ಪಕ್ಷಗಳ ಜಗಳ ದೇವರು ಧರ್ಮದ ವಿಷಯಕ್ಕಿಂತ ಹೆಚ್ಚಾಗಿ ಮದುವೆ ಮೆರವಣಿಗೆಯ ವಿಷಯಕ್ಕೇ ಹೊತ್ತಿಕೊಳ್ಳುತ್ತಿತ್ತು. ಮೆರವಣಿಗೆಯಲ್ಲಿ ಕುದುರೆ ಏರುವ ಹಕ್ಕು ತಮಗೆ ಮಾತ್ರ, ಇಂತಿಂಥ ಚಿತ್ರವಿರುವ ಬಾವುಟ ತಮಗೆ ಮಾತ್ರ, ಚಪ್ಪರಕ್ಕೆ ಹನ್ನೆರಡು ಕಂಬ ನೆಡುವ ಹಕ್ಕೂ ತಮ್ಮದೇ ಎಂದು ಬಲಗೈಯವರ ವಾದ. ಎಡಗೈಯವರದು ಹನ್ನೊಂದಕ್ಕೆ ನಿಲ್ಲಬೇಕು. ಒಂದು ಕಂಬ ಹೆಚ್ಚಾದರೆ ಹೊಡೆದಾಟ. ಇದಕ್ಕೆ ಯಾವ ಕಚೇರಿಯ ಮೊಹರೂ ಬೇಕಿರಲಿಲ್ಲ, ಊರ ಕಣ್ಣೇ ಸಾಕಾಗಿತ್ತು.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ದಾರಿಯಲ್ಲಿ ಹಾದುಹೋದ. ಕಂಪನಿ ಸರ್ಕಾರಕ್ಕಾಗಿ ನಾಡಿನ ಬೆಳೆ, ಕಸುಬು, ಜನರ ವಿವರ ಬರೆದುಕೊಳ್ಳುವುದು ಅವನ ಕೆಲಸ. ಮಣ್ಣು, ಸಕ್ಕರೆ, ಬಟ್ಟೆಯ ಬಗ್ಗೆ ಕೇಳಿದಷ್ಟೇ ಶ್ರದ್ಧೆಯಿಂದ ಅವನು ಒಂದೊಂದು ಜಾತಿಯವರನ್ನೂ ಕೇಳಿದ ಪ್ರಶ್ನೆಗಳಿವೆ: ಮಾಂಸ ತಿನ್ನುತ್ತೀರಾ, ಮದ್ಯ ಕುಡಿಯಬಹುದೇ, ಮದುವೆ ಹೇಗೆ? ಕುಡಿಯುವುದು ನಮ್ಮಲ್ಲಿ ನಿಷಿದ್ಧ ಎಂದವರು ಬಹಳ ಮಂದಿ. ಆ ಉತ್ತರವನ್ನು ಹಾಗೇ ನಂಬಬೇಕಿಲ್ಲ. ಪರದೇಶದ ಸಾಹೇಬ ಗುಮಾಸ್ತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ಯಾರು ತಾನೇ ಬೇರೆ ಹೇಳಿಯಾರು? ಆದರೂ ಅದರಿಂದ ಒಂದು ಸಂಗತಿ ತಿಳಿಯುತ್ತದೆ. ಹೆಂಡ ಕೆರೆಯ ಹಿಂದಿನ ಈಚಲುವನದ ಸರಕಾಗಿತ್ತು. ಧಾರೆ ಎರೆಯುವ ಚಪ್ಪರಕ್ಕೂ ಅದಕ್ಕೂ ನಡುವೆ ಒಂದು ಗೆರೆ ಇತ್ತು.

ಆ ಗೆರೆ ಇಂದಿಗೂ ಅಳಿಸಿಲ್ಲ. ಮುಹೂರ್ತದ ಊಟ ಬಾಳೆಎಲೆಯ ಮೇಲೆ, ಒಬ್ಬಟ್ಟು ಪಾಯಸದ ಊಟ. ಅದು ಮುಗಿದ ಮೇಲೆ ಒಂದು ದಿನ ಬೀಗರೂಟ: ಮುದ್ದೆ, ಕೈಮಾ ಉಂಡೆ, ಬೋಟಿ ಗೊಜ್ಜು, ಬಿರಿಯಾನಿ. ಗ್ಲಾಸು ಹೊರಬರುವುದು ಈ ಎರಡನೆಯದರಲ್ಲಿ, ಅದೂ ಶಾಮಿಯಾನದ ಒಳಗಲ್ಲ. “ಭಾವ, ಹಂಗೇ ಮಾವಿನ ತೋಪಿನ ಕಡೆ ಬಂದು ಹೋಗಿ” ಎಂದು ಗಂಡಿನ ಕಡೆಯ ಯಾರಾದರೂ ಕಿವಿಯಲ್ಲಿ ಉಸುರುತ್ತಾರೆ. ಹೆಂಗಸರಿಗೆ ಗೊತ್ತು, ಹಿರಿಯರಿಗೆ ಗೊತ್ತು. ಗೊತ್ತಿಲ್ಲದವರಂತೆ ಇರುವುದು ಸಂಪ್ರದಾಯ. ಕಾನೂನು ಅಡ್ಡ ಬರುವುದಕ್ಕೂ ಮೊದಲೇ ಈ ಊರುಗಳು ಕುಡಿತಕ್ಕೆ ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿದ್ದವು.

ಈಚಲು ಕೋಲಾರ ಸೀಮೆಯ ಮರ. ಹಳ್ಳದ ಬದಿ, ಕೆರೆಯಂಗಳ, ಬೇರೇನೂ ಬೆಳೆಯದ ಚೌಳು ನೆಲ ಎಲ್ಲ ಕಡೆಯೂ ಅದೇ. ಈಡಿಗರು ಮರ ಏರಿ ಇಳಿಸುತ್ತಿದ್ದ ಹೆಂಡಕ್ಕೆ ಸರ್ಕಾರ ಮರದ ಬುಡದಿಂದಲೇ ಲೆಕ್ಕ ಹಿಡಿಯಿತು. 1901ರ ಮೈಸೂರು ಅಬಕಾರಿ ಕಾಯ್ದೆಯ ಹೊತ್ತಿಗೆ ಮರಕ್ಕೆ, ಅಂಗಡಿಗೆ, ಸಾಗಣೆಗೆ ಎಲ್ಲಕ್ಕೂ ರಹದಾರಿ ಬಂದಾಗಿತ್ತು. ಅಂಗಡಿಗಳನ್ನು ಹರಾಜು ಹಾಕುವುದು, ಗುತ್ತಿಗೆದಾರ ಹಿಡಿಯುವುದು, ಅವನ ಆಳುಗಳು ಊರೂರು ಕಾಯುವುದು. ಮದುವೆಗೆ ಹೆಂಡ ಬೇಕೆಂದವನು ಗುತ್ತಿಗೆದಾರನ ಅಂಗಡಿಯಿಂದಲೇ ತರಬೇಕು. ಮನೆಯ ಹಿಂದಿನ ಮರ ಮನೆಯವನದಾದರೂ ಅದರ ರಸ ಅವನದಲ್ಲ.

ಈ ಲೆಕ್ಕಾಚಾರದ ವಿರುದ್ಧ ಕಾಂಗ್ರೆಸ್ಸು ಎದ್ದದ್ದು ಮೂವತ್ತರ ದಶಕದಲ್ಲಿ. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿ ವಾರಗಟ್ಟಲೆ ಇದ್ದರು, 1936ರಲ್ಲಿ ಮತ್ತೆ ಬಂದರು. ಪಾನನಿರೋಧ ಅವರ ಮಾತಿನಲ್ಲಿ ಖಾದಿಯಷ್ಟೇ ಸಲ ಬರುತ್ತಿತ್ತು. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಅದರ ಮರುವರ್ಷ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದು ಉರುಳಿಸಿದರು. ಆ ಹೋರಾಟದಲ್ಲಿ ಜೈಲಿಗೆ ಹೋದವರಲ್ಲಿ ಎಸ್. ನಿಜಲಿಂಗಪ್ಪ ಒಬ್ಬರು.

ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಸರ್ಕಾರ ಹಂತಹಂತವಾಗಿ ಪಾನನಿರೋಧ ತಂದಿತು. ಮದುವೆ ಮನೆಯಲ್ಲಿ ಕುಡಿತ ನಿಂತಿತೆಂದಲ್ಲ. ತೋಪಿನಿಂದ ಇನ್ನಷ್ಟು ಆಚೆಗೆ, ಗುಡ್ಡದ ಸಂದಿಗೆ, ಕಳ್ಳಭಟ್ಟಿಗೆ ಸರಿಯಿತು. ಖಜಾನೆಗೆ ಬರುತ್ತಿದ್ದ ದುಡ್ಡು ನಿಂತಿತು, ಭಟ್ಟಿ ನಿಲ್ಲಲಿಲ್ಲ. ಕೊನೆಗೆ 1967ರಲ್ಲಿ ಪಾನನಿರೋಧವನ್ನು ತೆಗೆದುಹಾಕಿದ್ದು ಮುಖ್ಯಮಂತ್ರಿ ನಿಜಲಿಂಗಪ್ಪನವರ ಸರ್ಕಾರವೇ. ಈಚಲು ಮರ ಕಡಿದ ಚಳವಳಿಯ ನಾಯಕನ ಆಡಳಿತದಲ್ಲೇ ಹೆಂಡದಂಗಡಿ ಮತ್ತೆ ತೆರೆಯಿತು.

ಇಂದು ಬಳಕೆಯಲ್ಲಿರುವ ಕಾಗದಪತ್ರಗಳೆಲ್ಲ ಆ ತಿರುವಿನಲ್ಲಿ ಹುಟ್ಟಿದವು. 1965ರ ಅಬಕಾರಿ ಕಾಯ್ದೆ, ಅದರಡಿ 1967 ಮತ್ತು 1968ರ ನಿಯಮಗಳು. ಬಾರು, ಕ್ಲಬ್ಬು, ಲಾಡ್ಜುಗಳಿಗೆ ಸಿಎಲ್ ಎಂಬ ಅಕ್ಷರಗಳ ಮುಂದೆ ಒಂದೊಂದು ಅಂಕಿ. ಅದರಲ್ಲಿ ಸಿಎಲ್-5 ಎಂಬುದು ಸಮಾರಂಭಕ್ಕೆಂದು ತಾತ್ಕಾಲಿಕವಾಗಿ ಕೊಡುವ ಸನ್ನದು. ಮದುವೆಯಲ್ಲಿ ಮುಚ್ಚುಮರೆಯಿಲ್ಲದೆ ಮದ್ಯ ಬಡಿಸಬೇಕೆಂದರೆ ಬೇಕಾದದ್ದು ಇದು. ಹಳ್ಳಿಯ ಬೀಗರೂಟಕ್ಕೆ ಇದನ್ನು ಕೇಳಿದವರು ಅಪರೂಪ. ಒಬ್ಬ ವ್ಯಕ್ತಿ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಮಿತಿ 2.3 ಲೀಟರ್ ಮದ್ಯ, 18.2 ಲೀಟರ್ ಬಿಯರ್. ಈ ವಿಚಿತ್ರ ಅಂಕಿಗಳು ಹಳೆಯ ಗ್ಯಾಲನ್ ಲೆಕ್ಕವನ್ನು ಲೀಟರಿಗೆ ಇಳಿಸಿದಾಗ ಉಳಿದವು. ನಾಲ್ಕಾರು ಜನ ಭಾವಮೈದುನರ ಪಾಲು ಸೇರಿಸಿದರೆ ಒಂದು ತೋಪಿಗೆ ಸಾಲುತ್ತದೆ ಎಂಬ ಲೆಕ್ಕವನ್ನು ಯಾವ ವಕೀಲರೂ ಹೇಳಿಕೊಡಬೇಕಿಲ್ಲ. ಅದು ಕಾನೂನಿಗೆ ಒಪ್ಪುವ ಲೆಕ್ಕವೇ ಎಂಬುದು ಬೇರೆ ಮಾತು.

ಮದುವೆ ಮನೆಯಂಗಳದಿಂದ ಛತ್ರಕ್ಕೆ ಹೋದದ್ದೂ ಈ ಕಥೆಯ ಭಾಗ. ಹಸಿರು ತೆಂಗಿನ ಗರಿಯ ಚಪ್ಪರ, ಹಾಲುಗಂಬ, ಊರವರೇ ಒಲೆ ಹೂಡಿ ಮಾಡಿದ ಅಡುಗೆ ಒಂದು ಕಾಲ. ಆಮೇಲೆ ದೇವಸ್ಥಾನದ ಟ್ರಸ್ಟುಗಳು, ಜಾತಿ ಸಂಘಗಳು ತಾಲ್ಲೂಕು ಕೇಂದ್ರಗಳಲ್ಲಿ ಕಲ್ಯಾಣ ಮಂಟಪ ಕಟ್ಟಿದವು. ಶಿಡ್ಲಘಟ್ಟದ ರೇಷ್ಮೆಗೂಡಿನ ದುಡ್ಡು, ಚಿಂತಾಮಣಿಯ ಟೊಮೆಟೊ ದುಡ್ಡು ಅಲ್ಲಿಗೆ ಹರಿಯಿತು. ಹೆಸರಿಗೆ ಹೊಸದಾದರೂ ಮಂಟಪ ಈ ನೆಲಕ್ಕೆ ಹೊಸದಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ಗುಡಿಯಲ್ಲಿ ಉಮಾಮಹೇಶ್ವರ ಗರ್ಭಗುಡಿಯೆದುರು ಕರಿಕಲ್ಲಿನ ಕಲ್ಯಾಣ ಮಂಟಪ ನಿಂತಿದೆ, ಕಂಬಕಂಬಕ್ಕೂ ದೇವದಂಪತಿಗಳು. ದೇವಸ್ಥಾನದ ಮಂಟಪದಲ್ಲಿ ಮಾಂಸ ಮದ್ಯ ಎರಡೂ ಇಲ್ಲ. ಕಾನೂನೂ ಅದಕ್ಕೆ ಜೊತೆಯಾಯಿತು: ಪೂಜಾಸ್ಥಳ, ಶಾಲೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಸನ್ನದು ಕೊಡುವಂತಿಲ್ಲ ಎಂದಿತು. ಹೀಗಾಗಿ ಗುಡಿಯ ಪಕ್ಕದ ಛತ್ರದಲ್ಲಿ ಧಾರೆ, ಹೊಲದ ಶಾಮಿಯಾನದಲ್ಲಿ ಬೀಗರೂಟ ಎಂಬ ಹಳೆಯ ಏರ್ಪಾಡು ಸಿಮೆಂಟಿನ ಕಾಲದಲ್ಲೂ ಮುಂದುವರಿಯಿತು.

2007 ಈ ಭಾಗಕ್ಕೆ ಸಾಮಾನ್ಯ ವರ್ಷವಲ್ಲ. ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಜುಲೈ 1ರಿಂದ ರಾಜ್ಯದಲ್ಲಿ ಪ್ಯಾಕೆಟ್ ಸಾರಾಯಿ ನಿಂತಿತು. ಈಚಲು ಹೆಂಡಕ್ಕೆ ಅದಕ್ಕೂ ಮೊದಲೇ, 2004ರಲ್ಲಿ, ಬೀಗ ಬಿದ್ದಿತ್ತು. ಅದೇ 2007ರಲ್ಲಿ ದ್ರಾಕ್ಷಿ ವೈನ್ ನೀತಿಯೂ ಬಂದಿತು. ಬಡವರ ಕುಡಿತಕ್ಕೆ ತಡೆ, ಬೆಂಗಳೂರು ಬ್ಲೂ ದ್ರಾಕ್ಷಿಯ ತೋಟಕ್ಕೆ ಉತ್ತೇಜನ. ಮರುವರ್ಷ, 2008ರ ಮೇ ತಿಂಗಳಲ್ಲಿ, ಕೋಲಾರ ಮತ್ತು ಬೆಂಗಳೂರು ಸುತ್ತಮುತ್ತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಮೇ ತಿಂಗಳಲ್ಲೇ ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ತೆರೆಯಿತು. ನಂದಿಯ ಸುತ್ತಲ ಭೂಮಿಗೆ ಬೆಲೆ ಬಂದದ್ದು, ಬೆಂಗಳೂರಿನ ಮದುವೆಗಳು ಹೊಲಕ್ಕೆ ಬಂದದ್ದು ಆಮೇಲೆ.

ಹೀಗೆ ಬಂದ ಮದುವೆಗಳು ಹಳೆಯ ಗೆರೆಯನ್ನು ಅರಿಯವು. ಕಾಕ್‌ಟೇಲ್, ಸಂಗೀತ್, ಹಳದಿ, ಧಾರೆ ಎಲ್ಲ ಒಂದೇ ಹುಲ್ಲುಹಾಸಿನ ಮೇಲೆ. ತೋಪಿಗೆ ಹೋಗಿ ಬರುವ ಗುಟ್ಟು ಅಲ್ಲಿಲ್ಲ, ಹಾಗಾಗಿ ಸನ್ನದು ಬೇಕೇಬೇಕು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಬೇಡವೆಂದಾಗ, ಹೈದರಾಬಾದ್ ಹೆದ್ದಾರಿಯನ್ನೇ ನಂಬಿ ಬೆಳೆದ ಈ ಜಿಲ್ಲೆಯ ಬಾರು ಹೋಟೆಲುಗಳ ಮಾಲೀಕರು ಟೇಪು ಹಿಡಿದು ನೆಲ ಅಳೆಯುವಂತಾಯಿತು. ಸಣ್ಣ ಊರುಗಳಿಗೆ ಅದು 220 ಮೀಟರ್‌ಗೆ ಇಳಿದದ್ದು 2017ರ ಮಾರ್ಚ್ ಕೊನೆಯಲ್ಲಿ. ಚುನಾವಣೆಯದು ಇನ್ನೊಂದು ತಕರಾರು. ಮತದಾನ ಮುಗಿಯುವ ಹಿಂದಿನ 48 ಗಂಟೆ ಮದ್ಯ ಪೂರ್ತಿ ಬಂದ್. 2018ರಲ್ಲಿ ಮತದಾನ ಮೇ 12ಕ್ಕೆ, 2023ರಲ್ಲಿ ಮೇ 10ಕ್ಕೆ, 2024ರಲ್ಲಿ ಇಲ್ಲಿ ಏಪ್ರಿಲ್ 26ಕ್ಕೆ. ಲಗ್ನದ ತಿಂಗಳುಗಳೇ ಮತದಾನದ ತಿಂಗಳುಗಳೂ ಆಗಿವೆ. ಪಂಚಾಂಗ ನೋಡುವ ಜೋಯಿಸರಿಗೆ ಚುನಾವಣಾ ಆಯೋಗದ ವೇಳಾಪಟ್ಟಿಯೂ ಬೇಕು.

ಗಡಿಯ ಗೋಜಲು ಗೌರಿಬಿದನೂರಿನವರಿಗೆ ಚೆನ್ನಾಗಿ ಗೊತ್ತು. ಹೆಣ್ಣು ಹಿಂದೂಪುರದ್ದು, ಗಂಡು ಗೌರಿಬಿದನೂರಿನದು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಸಂಬಂಧಕ್ಕೆ ಇಲ್ಲದ ಗಡಿ ಬಾಟಲಿಗಿದೆ. ಎನ್.ಟಿ. ರಾಮರಾವ್ 1995ರಲ್ಲಿ ಆಂಧ್ರದಲ್ಲಿ ಪಾನನಿರೋಧ ತಂದಾಗ, ಅದು 1997ರಲ್ಲಿ ಸಡಿಲವಾಗುವವರೆಗೆ, ಈಚೆ ಕಡೆ ಸಲೀಸಾಗಿ ಸಿಗುತ್ತಿದ್ದದ್ದು ಚೆಕ್‌ಪೋಸ್ಟ್ ದಾಟಿದೊಡನೆ ಅಪರಾಧವಾಗುತ್ತಿತ್ತು. ಬೀಗರೂಟ ಯಾರ ಊರಲ್ಲಿ ಎಂಬ ಪ್ರಶ್ನೆಗೆ ಆಗ ಸಂಪ್ರದಾಯದ ಜೊತೆಗೆ ಇನ್ನೊಂದು ಕಾರಣವೂ ಸೇರಿತ್ತು.

ಇನ್ನು ಸದ್ದಿನ ಮಾತು. ಓಲಗವಿಲ್ಲದೆ ತಾಳಿಯಿಲ್ಲ, ತಮಟೆಯಿಲ್ಲದೆ ಮೆರವಣಿಗೆಯಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಅದೇ ತಮಟೆಗೆ 2023ರಲ್ಲಿ ಪದ್ಮಶ್ರೀ ಪಡೆದರು. ಚಪ್ಪರದ ಹೊರಗೇ ನಿಂತು ಬಡಿಯಬೇಕಾಗಿದ್ದವರ ವಾದ್ಯ ಅದು ಎಂಬುದನ್ನು ಆ ಪ್ರಶಸ್ತಿಯ ಜೊತೆಗೇ ನೆನೆಯಬೇಕು. ಬೀದಿಯ ವಾದ್ಯದ ಮೇಲೆ ಪೊಲೀಸರ ಕೈಯೂ ಹಳೆಯದೇ: ಬ್ರಿಟಿಷ್ ಇಂಡಿಯಾದ 1861ರ ಪೊಲೀಸ್ ಕಾಯ್ದೆಯಲ್ಲೇ ಹಬ್ಬ ಮತ್ತು ಶುಭಕಾರ್ಯಗಳಲ್ಲಿ ಬೀದಿಯಲ್ಲಿ ಎಷ್ಟು ವಾದ್ಯ ನುಡಿಸಬಹುದೆಂದು ಕಟ್ಟು ಹಾಕುವ ಅಧಿಕಾರವಿತ್ತು. ಆಗಿನ ಚಿಂತೆ ಗದ್ದಲದ್ದಲ್ಲ, ಮಸೀದಿ ಗುಡಿಗಳ ಮುಂದೆ, ಬೇರೆ ಜಾತಿಯವರ ಕೇರಿಯಲ್ಲಿ ಏಳುವ ಜಗಳದ್ದು. ಡೆಸಿಬೆಲ್ ಬಂದದ್ದು ಬಹಳ ತಡವಾಗಿ, 2000ದ ಶಬ್ದಮಾಲಿನ್ಯ ನಿಯಮಗಳೊಂದಿಗೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಬಂದ್.

ಹಾಡಿನ ಹಕ್ಕಿನ ವಿಷಯದಲ್ಲಿ ಮಾತ್ರ ಮದುವೆಗೆ ರಿಯಾಯಿತಿ ಸಿಕ್ಕಿತು. ಡಿಜೆ ಹಾಕುವ ಸಿನಿಮಾ ಹಾಡಿಗೆ ಹಣ ಕೊಡಿ ಎಂದು ಹಕ್ಕುಸ್ವಾಮ್ಯ ಸಂಸ್ಥೆಗಳು ಛತ್ರದವರನ್ನು ಕೇಳುತ್ತಿದ್ದವು. ಮದುವೆ ಮೆರವಣಿಗೆಗೂ ಮದುವೆಗೆ ಸೇರಿದ ಸಂಭ್ರಮಕ್ಕೂ 1957ರ ಕಾಯ್ದೆಯಲ್ಲೇ ವಿನಾಯಿತಿ ಇದೆ, ಹಣ ಕೇಳಕೂಡದು ಎಂದು ಕೇಂದ್ರ ಸರ್ಕಾರ 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಿತು. ಕಬ್ಬನ್ ಪಟ್ಟಿಗೆ ಇದನ್ನೂ ಸೇರಿಸಬಹುದಿತ್ತು.

ಶಬ್ದದ ನಿಯಮ 2010ರಲ್ಲಿ ಇನ್ನೂ ಬಿಗಿಯಾಯಿತು. ಮೈಕು ಮಾತ್ರವಲ್ಲ, ವಾದ್ಯವನ್ನೂ ರಾತ್ರಿ ಹೊತ್ತು ಬಯಲಿನಲ್ಲಿ ನುಡಿಸುವಂತಿಲ್ಲ. ಮುಚ್ಚಿದ ಸಭಾಂಗಣ, ಸಮುದಾಯ ಭವನ, ಔತಣದ ಹಾಲ್‌ಗಳಿಗೆ ವಿನಾಯಿತಿ. ಹವಾನಿಯಂತ್ರಿತ ಕನ್ವೆನ್ಷನ್ ಹಾಲಿನ ಬಾಗಿಲು ಹಾಕಿಕೊಂಡರೆ ಮಧ್ಯರಾತ್ರಿಯ ಆರ್ಕೆಸ್ಟ್ರಾಕ್ಕೆ ದಾರಿ ಉಂಟು. ಆದರೆ ಗರಿಯ ಚಪ್ಪರ ಬಯಲೇ. ಅಲ್ಲಿ ಮುಹೂರ್ತ ಬೆಳಗಿನ ನಾಲ್ಕೂವರೆಗೋ ಐದಕ್ಕೋ ಬಿದ್ದರೆ, ಆರಕ್ಕೆ ಮೊದಲು ಮೊಳಗುವ ಗಟ್ಟಿಮೇಳ ಅಕ್ಷರಶಃ ನಿಯಮಭಂಗ. ಯಾವ ಠಾಣೆಯೂ ಅದಕ್ಕಾಗಿ ಜೀಪು ಹೊರಡಿಸಲಾರದು. ಆದರೂ ಚಿಂತಾಮಣಿ ಕಡೆಯ ರೈತ ಮನೆಯಂಗಳದಲ್ಲೇ ಮಗಳ ಧಾರೆ ಎರೆಯಬೇಕೆಂದರೆ, ನಾಗಸ್ವರದವರಿಗೆ ವೀಳ್ಯ ಕೊಡುವಾಗ ಜೋಯಿಸರನ್ನು ಕೇಳಿ ಲಗ್ನವನ್ನು ಆರರ ಮೇಲಕ್ಕೆ ಇಡಿಸಿಕೊಳ್ಳಬೇಕು, ಇಲ್ಲವೇ ಪೇಟೆಯ ಛತ್ರಕ್ಕೆ ಮುಂಗಡ ಕಟ್ಟಬೇಕು.